ಮೊದಲ ದಿನದ ಚೀಟಿಗಳ ಅಕ್ಕ

ಅಕ್ಕ ಸ್ವೀಡನ್ನಿನ ಈ ಓರೆಬ್ರೂ ಊರು ಬಿಟ್ಟದ್ದು ಹೆಲ್ಸಿಂಗ್‌ಬೋರ್ಯ್‌ನಲ್ಲಿ ಒಳ್ಳೆಯ ಕೆಲಸ ಸಿಕ್ಕಿತೆಂದು. ಅಲ್ಲಿ ಸಮುದ್ರ ಇದೆ, ಹಿಮ ಕಡಿಮೆ, ಅವರ ಮಂಡಿನೋವಿಗೂ ಹಿತ. ನಮ್ಮೂರಿನ ಕನ್ನಡಿಗರೆಲ್ಲ ಒಪ್ಪಿಕೊಂಡಿರುವ ಕಥೆ ಇದು. ನಾನು ಒಪ್ಪಿಲ್ಲ. ಹೆಲ್ಸಿಂಗ್‌ಬೋರ್ಯ್‌ನಲ್ಲಿ ಅವರಿಗೆ ಸಿಕ್ಕಿರುವುದು ಇಲ್ಲಿ ಮಾಡುತ್ತಿದ್ದ ಕೆಲಸವೇ. ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಬಳಸಿದ ಕತ್ತರಿ, ಇಕ್ಕಳಗಳನ್ನು ತೊಳೆದು, ಆವಿಯಲ್ಲಿ ಬೇಯಿಸಿ, ಪೊಟ್ಟಣ ಕಟ್ಟುವುದು. ಇನ್ನು ಸಮುದ್ರ. "ಚಳಿ ತಡ್ಕೋಬಹುದು, ಗಾಳಿ ತಡ್ಕೊಳ್ಳೋಕಾಗಲ್ಲ" ಎನ್ನುತ್ತ ಅಕ್ಟೋಬರ್ ಬಂತೆಂದರೆ ನಮ್ಮ ಕೆರೆಯ ದಂಡೆಗೂ ಬಾರದಿದ್ದ ಹೆಂಗಸು ಗಾಳಿಗೇ ಹೆಸರಾದ ಬಂದರಿನ ಊರನ್ನು ಆರಿಸಿಕೊಂಡರಂತೆ. ಅವರು ಅಲ್ಲಿಗೆ ಹೋದರು ಅನ್ನುವುದಕ್ಕಿಂತ ಇಲ್ಲಿಂದ ಹೋದರು ಅನ್ನುವುದು ಸರಿ.

ಇಲ್ಲಿನ ಕನ್ನಡ ಸಂಘದ ಕಾರ್ಯದರ್ಶಿ ಪ್ರಸಾದ್ ಹೋದ ತಿಂಗಳು ಫೋನ್ ಮಾಡಿದ್ದರು. "ಮಗಾ, ಈ ವರ್ಷದ ಸಂಚಿಕೆಗೆ ಅಕ್ಕನ ಮೇಲೆ ಒಂದು ಪೇಜ್ ಬರ್ದು ಕೊಡು. ನೀನು ಅವರಿಗೆ ಕ್ಲೋಸ್ ಇದ್ದೆ. ಪಾಸಿಟಿವ್ ಆಗಿರ್ಲಿ."

"ನವೆಂಬರಿನ ವಿಷಯ ಬರೀಬೇಕಾಗುತ್ತೆ ಸರ್."

"ಅದೆಲ್ಲ ಯಾಕೆ ಈಗ? ನಿನಗೇನು ಗೊತ್ತಿತ್ತು, ಪಾಪ. ಯಾರೂ ನಿನ್ನ ತಪ್ಪು ಅಂತ ಹೇಳ್ತಿಲ್ಲ."

ಯಾರೂ ಹೇಳುತ್ತಿಲ್ಲ ಅನ್ನುವುದೇ ತೊಂದರೆ. ಎದುರಾಳಿ ಇಲ್ಲದ ವಾದವನ್ನು ನಾನು ಎಂದೂ ಮಾಡಿದವನಲ್ಲ. ಹಾಗಾಗಿ ಎರಡೂ ಕಡೆಯಿಂದ ನಾನೇ ಮಾತಾಡಬೇಕಾಗಿದೆ. ಪ್ರಸಾದ್ ಅವರೇ, ಇದು ಒಂದು ಪೇಜಿನಲ್ಲಿ ಮುಗಿಯುವುದಿಲ್ಲ. ಪಾಸಿಟಿವ್ ಆಗಿಯೂ ಇಲ್ಲ.

*

ಆಗಸ್ಟಿನ ಕೊನೆಯ ವಾರ, ಎರಡು ಸೂಟ್‌ಕೇಸು, ಒಂದು ಬೆನ್ನುಚೀಲ, ಮತ್ತು ಮೈಸೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಗೆದ್ದು ಬೆಳೆದಿದ್ದ ಅಹಂಕಾರ. ಇಷ್ಟರೊಂದಿಗೆ ನಾನು ಓರೆಬ್ರೂ ನಿಲ್ದಾಣದಲ್ಲಿ ಇಳಿದೆ. ಎಂ.ಎಸ್ಸಿ. ಮಾಡಲು ಬಂದಿದ್ದೆ. ಬೋಗಿಯ ಬಾಗಿಲು ತೆರೆಯಿತು. ನೇರ ಎದುರಿಗೆ, ಒಂದು ಮಾರು ದೂರದಲ್ಲಿ, ನೀಲಿ ಜಾಕೆಟ್ಟು ತೊಟ್ಟ ಗಿಡ್ಡ ಹೆಂಗಸು ನಿಂತಿದ್ದರು. ವಯಸ್ಸು ಐವತ್ತರ ಆಚೆ ಈಚೆ. ಎದೆಯ ಮಟ್ಟಕ್ಕೆ ಹಿಡಿದ ರಟ್ಟಿನ ಮೇಲೆ ನನ್ನ ಹೆಸರು. ಕನ್ನಡದಲ್ಲಿ.

"ಬಂದ್ರಾ? ದಾರೀಲಿ ಏನಾದ್ರೂ ತಿಂದ್ರಾ?"

ನಮಸ್ಕಾರಕ್ಕೂ ಮೊದಲು ನಾನು ಕೇಳಿದ ಮಾತು ಇದು: "ಇಂಗ್ಲಿಷಲ್ಲಿ ಬರೆದಿದ್ರೆ ಬೇರೆಯವರಿಗೂ ಅರ್ಥ ಆಗ್ತಿತ್ತಲ್ವಾ?"

"ಬೇರೆಯವರು ಯಾಕೆ ಅರ್ಥ ಮಾಡ್ಕೋಬೇಕು? ಹೆಸರು ನಿಮ್ಮದು."

ತರ್ಕ ಸರಿಯಿತ್ತು. ಅದೇ ನನಗೆ ಸೇರಲಿಲ್ಲ.

ಹೊಸದಾಗಿ ಬರುವ ಪ್ರತಿಯೊಬ್ಬ ಕನ್ನಡದ ವಿದ್ಯಾರ್ಥಿಗೂ ಅಕ್ಕ ಹೀಗೆ ನಿಲ್ಲುತ್ತಿದ್ದರು. ನಮ್ಮ ಬೋಗಿಯ ಸಂಖ್ಯೆಯನ್ನು ಹಿಂದಿನ ದಿನವೇ ಕೇಳಿ ತಿಳಿದುಕೊಂಡಿರುತ್ತಿದ್ದರು. ಆ ಬೋಗಿಯ ಬಾಗಿಲು ಎಲ್ಲಿ ಬಂದು ನಿಲ್ಲುತ್ತದೆ ಎಂಬ ಲೆಕ್ಕ ಅವರಿಗೆ ಬಾಯಿಪಾಠ. ಹೊರಬಾಗಿಲಲ್ಲಿ ಕಾಯಬಹುದಿತ್ತು, ಎಲ್ಲರೂ ಅಲ್ಲಿಂದಲೇ ಹೋಗಬೇಕಲ್ಲ. ಒಮ್ಮೆ ಹಾಗೆಂದು ಕೇಳಿದ್ದಕ್ಕೆ, "ಬಾಗಿಲು ತೆಗೆದ ತಕ್ಷಣ ಒಂದು ಮುಖ ಕಾಣ್ಬೇಕು. ಐದು ನಿಮಿಷ ಆದ್ಮೇಲೆ ಕಂಡ್ರೆ ಅದು ಬೇರೆ ಮುಖ" ಎಂದಿದ್ದರು.

ಸೂಟ್‌ಕೇಸುಗಳನ್ನು ನಿಲ್ದಾಣದ ಲಾಕರಿನಲ್ಲಿಟ್ಟು ನನ್ನನ್ನು ನಡೆಸಿಕೊಂಡು ಹೊರಟರು. ಬಸ್ಸು ಕಣ್ಣೆದುರಿಗೇ ಇತ್ತು. "ಬಸ್ಸಲ್ಲಿ ಹೋದ್ರೆ ಊರು ಬರೀ ಕಿಟಕಿ. ಇವತ್ತೊಂದು ದಿನ ನಡೀರಿ." ಹೊಳೆಯ ನಡುವೆ ಕೋಟೆ. ಯಾರೋ ತಂದಿಟ್ಟು ಮರೆತುಹೋದ ಆಟಿಕೆಯ ಹಾಗೆ ಕೂತಿತ್ತು. ಅಷ್ಟಗಲ ಬೀದಿಯಲ್ಲಿ ಅಷ್ಟು ಕಡಿಮೆ ಜನ. ಔಷಧದಂಗಡಿಯೊಳಗೆ ಒಬ್ಬನೇ ಗಿರಾಕಿ, ಅವನ ಕೈಯಲ್ಲೂ ಸರದಿಯ ಚೀಟಿ. ಒಂದು ಕಾಫಿ ಅಂಗಡಿಯ ಹೊರಗೆ ಮಕ್ಕಳ ತಳ್ಳುಗಾಡಿಗಳು ಸಾಲಾಗಿ ನಿಂತಿದ್ದವು, ಅವುಗಳೊಳಗೆ ಎಳೆಗೂಸುಗಳು ನಿದ್ದೆ ಹೋಗಿದ್ದವು. ತಾಯಂದಿರು ಅಂಗಡಿಯ ಒಳಗೆ!

"ಇದು ಅಪರಾಧ ಅಲ್ವಾ?"

"ಬರ್ದಿಡಿ, ಬರ್ದಿಡಿ. ನಾಳೆ ಹೊತ್ತಿಗೆ ಇದು ಕಣ್ಣಿಗೆ ಬೀಳಲ್ಲ."

ಅದೇ ಅಂಗಡಿಯಲ್ಲಿ ಕೂರಿಸಿ ಕಾಫಿ, ದಾಲ್ಚಿನ್ನಿ ಬನ್ನು ಕೊಡಿಸಿದರು. "ಇದಕ್ಕೆ ಫೀಕಾ ಅಂತಾರೆ. ಕಾಫಿ ಮುಖ್ಯ ಅಲ್ಲ, ಕೂತ್ಕೊಳ್ಳೋದು ಮುಖ್ಯ." ಕೌಂಟರಿನ ಹುಡುಗಿಯನ್ನು ಏನೋ ಕೇಳಿದರು. ಅವಳು 'ಯಾ' ಎಂದು ಉಸಿರನ್ನು ಒಳಕ್ಕೆ ಎಳೆದುಕೊಂಡು ಹೂಂಗುಟ್ಟಿದಳು. ಬೆಚ್ಚಿಬಿದ್ದವರ ಹಾಗೆ. ಆಮೇಲೆ ಅಕ್ಕ ಚೀಲದಿಂದ ಒಂದು ಬಿಳಿ ಹಾಳೆ, ಪೆನ್ನು, ಕೆಂಪು ಬಿಸ್ಕತ್ತಿನ ಡಬ್ಬಿ ತೆಗೆದರು.

"ಇವತ್ತು ಏನು ಕಂಡಿತೋ ಬರೀರಿ. ಕೆಟ್ಟದ್ದೂ ಬರೀರಿ. ತಪ್ಪಾಗಿ ಕಂಡ್ರೂ ಪರವಾಗಿಲ್ಲ, ಕಂಡಿದ್ದು ಕಂಡಿದ್ದೇ."

"ಯಾರು ಓದ್ತಾರೆ?"

"ನೀವೇ. ಮುಂದಿನ ವರ್ಷ ಇದೇ ದಿನ ನಿಮ್ಮ ಕೈಗೆ ಕೊಡ್ತೀನಿ."

"ಓದಿ ಏನು ಉಪಯೋಗ?"

"ನಗಬಹುದು."

"ಯಾರನ್ನ ನೋಡಿ?"

"ಅದು ಆಗ ಗೊತ್ತಾಗುತ್ತೆ."

ಏಳು ಸಾಲು ಬರೆದೆ. ಆರು ಊರಿನ ಬಗ್ಗೆ. ಏಳನೆಯದು ಊರಿನ ಬಗ್ಗೆ ಅಲ್ಲ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಹಾಳೆಯನ್ನು ನಾನೇ ಮಡಚಿದೆ. ಅವರು ನೋಡದೆ ತೆಗೆದುಕೊಂಡು ಅದರ ಬಾಯಿಗೆ ತಿಳಿ ಬಣ್ಣದ ಗೆರೆಗೆರೆಯ ಟೇಪು ಅಂಟಿಸಿದರು. ಆಸ್ಪತ್ರೆಯ ಕೆಲಸದಲ್ಲಿ ಉಳಿಯುವ ಸುರುಳಿಯ ತುದಿ. ಆ ಟೇಪು ಹಚ್ಚಿದ ಪೊಟ್ಟಣ ಆವಿಯಲ್ಲಿ ಸರಿಯಾಗಿ ಬೆಂದರೆ ಗೆರೆಗಳು ಕಪ್ಪಾಗುತ್ತವಂತೆ. ನನ್ನ ಚೀಟಿಯ ಬಿಳಿಚಿದ ಗೆರೆಗಳನ್ನು ತೋರಿಸಿ, "ಇನ್ನೂ ಹಸಿ. ಒಂದು ವರ್ಷ ಬೇಯಲಿ" ಎಂದು ನಕ್ಕರು.

*

ಭಾನುವಾರಗಳಲ್ಲಿ ನಾನು ಅವರ ಮನೆಗೆ ಹೋಗತೊಡಗಿದೆ. ಊಟಕ್ಕೆಂದೇ ಹೋಗುತ್ತಿದ್ದೆ. ಹಾಗಲ್ಲ ಎಂದರೆ ಅದೊಂದು ಸುಳ್ಳು ಹೆಚ್ಚಾಗುತ್ತದೆ.

ಸಂಘದ ಕಾರ್ಯಕ್ರಮಗಳಿಗೆ ಅಕ್ಕ ಚಿತ್ರಾನ್ನ, ಬಿಸಿಬೇಳೆಬಾತ್ ಮಾಡಿ ತರುತ್ತಿದ್ದರು. ಎಲ್ಲರ ನಡುವೆ ಬೆಂಗಳೂರಿನ ಕನ್ನಡವನ್ನೇ ಆಡುತ್ತಿದ್ದರು. ಗದಗಿನ ಕಡೆಯವರು ಎಂಬುದು ನನಗೆ ಗೊತ್ತಾದದ್ದು ಮೂರನೆಯ ಭಾನುವಾರ, ಉಪ್ಪಿನಕಾಯಿಯ ಬಾಟಲಿ ಕೈಜಾರಿದಾಗ.

"ಏ, ಬಿತ್ತಲ್ಲೋ ಹಾಳಾದ್ದು! ಅಲ್ಲೇ ನಿಂದ್ರು ತಮ್ಮಾ, ಕಾಲಾಗ ಗಾಜು ಚುಚ್ಚೀತು!"

ನಾನು ನಕ್ಕುಬಿಟ್ಟೆ. "ಅಕ್ಕಾ, ಇದು ಎಲ್ಲಿತ್ತು ಇಷ್ಟು ದಿನ?"

ಕಸಬರಿಗೆ ಹಿಡಿದುಕೊಂಡೇ ಅವರೂ ನಕ್ಕರು. "ಮನ್ಯಾಗ ಇತ್ತು. ಹೊರಗ ತರಂಗಿಲ್ಲಪಾ."

"ಯಾಕೆ?"

"ಒಮ್ಮೆ ತಂದಿದ್ದೆ. ನಾ ಏನ್ ಹೇಳಿದೆ ಅಂತ ಯಾರೂ ಕೇಳಲಿಲ್ಲ. ಹೆಂಗ ಹೇಳಿದೆ ಅಂತ ನಕ್ಕರು. ನಮ್ಮ ಮಾತು ಅಂದ್ರ ಮಂದಿಗೆ ಸಿನಿಮಾದಾಗಿನ ಕಾಮಿಡಿ. ಅಳಕೋತ ಹೇಳಿದ್ರೂ ನಗ್ತಾರ."

ಈ ಮಾತನ್ನು ಓದುಗರು ಗುರುತು ಹಾಕಿಕೊಳ್ಳಬೇಕು. ನಾನು ಕೇಳಿಸಿಕೊಂಡಿದ್ದೆ. ಸೆಪ್ಟೆಂಬರಿನಲ್ಲಿ, ಅವರ ಅಡುಗೆಮನೆಯಲ್ಲಿ, ಎರಡಡಿ ದೂರದಿಂದ, ಸ್ಪಷ್ಟವಾಗಿ.

ಅಂದಿನಿಂದ ನನ್ನೊಬ್ಬನ ಎದುರು ಅವರ ನಾಲಗೆ ಸಡಿಲವಾಯಿತು. 'ನೀವು' ಹೋಗಿ 'ನೀ' ಬಂತು. ಸ್ಟಾಕ್‌ಹೋಮಿನಿಂದ ತರಿಸಿದ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿಯುತ್ತ, ಕೆಲಸದ ಕಥೆ ಹೇಳುತ್ತಿದ್ದರು. ಒಂದು ಪೆಟ್ಟಿಗೆಯಲ್ಲಿ ಒಂದು ಇಕ್ಕಳ ಕಮ್ಮಿಯಾದರೂ ಇಡೀ ಪೆಟ್ಟಿಗೆ ವಾಪಸ್. ಪೊಟ್ಟಣದ ಬಾಯಿ ಒಂದು ಸಲ ಬಿಚ್ಚಿತೆಂದರೆ, ಒಳಗಿನದನ್ನು ಯಾರೂ ಮುಟ್ಟದಿದ್ದರೂ, ಅದು ಸ್ವಚ್ಛವಲ್ಲ, ಮತ್ತೆ ಮೊದಲಿನಿಂದ. "ಮುಟ್ಟಿಲ್ಲಾಂತ ಆಣೆ ಮಾಡಿದ್ರೂ ನಡಿಯಂಗಿಲ್ಲ. ಬಿಚ್ಚಿದ್ದು ಬಿಚ್ಚಿದ್ದೇ."

ನಾನು ಎಲ್ಲದಕ್ಕೂ ಎದುರುವಾದ ಹೂಡುತ್ತಿದ್ದೆ. ದೇವರು, ಸ್ವೀಡನ್ನಿನ ತೆರಿಗೆ, ಚೀಟಿ ಬರೆಸುವ ಅವರ ಪದ್ಧತಿ. ಅವರು ರೊಟ್ಟಿ ತಿರುವಿಹಾಕುತ್ತ ಕೇಳುತ್ತಿದ್ದರು. ಒಮ್ಮೆ ಮಾತ್ರ ಹೇಳಿದರು: "ನೀ ಮಾತಿನಾಗ ಗೆಲ್ತಿ ಬಿಡು. ಗೆದ್ದ ಮ್ಯಾಲ ಏನ್ ಮಾಡ್ತಿ?" ನಾನು ಅದಕ್ಕೊಂದು ಚುರುಕು ಉತ್ತರ ಕೊಟ್ಟೆ. ಉತ್ತರ ಈಗ ನೆನಪಿಲ್ಲ.

ತಮ್ಮ ವಿಷಯವನ್ನು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಊರವರಿಗೂ ಅಷ್ಟೇ. ಆಸ್ಪತ್ರೆಯ ಅಕ್ಕ, ಒಬ್ಬರೇ ಇರುತ್ತಾರೆ, ಹೊಸಬರನ್ನು ಕರೆತರುತ್ತಾರೆ. ಇಪ್ಪತ್ತು ವರ್ಷಕ್ಕೆ ಇಷ್ಟು ಪರಿಚಯ ಸಾಕಾಗಿತ್ತು. ಅದನ್ನು ಅವರು ಜತನದಿಂದ ಕಟ್ಟಿಕೊಂಡಿದ್ದರು ಎಂದು ಈಗ ಅನ್ನಿಸುತ್ತದೆ.

*

ನವೆಂಬರಿನಲ್ಲಿ ರಾಜ್ಯೋತ್ಸವ. ಒಂದು ಶಾಲೆಯ ಸಭಾಂಗಣ ಬಾಡಿಗೆಗೆ. ಬಾಗಿಲಲ್ಲಿ ಶೂ ಬಿಚ್ಚಿ ಎಲ್ಲರೂ ಕಾಲುಚೀಲದಲ್ಲಿ ಓಡಾಡುವ ಸಮಾರಂಭ. ಪ್ರಸಾದ್ ಈ ಸಲ ಹಾಸ್ಯ ಚರ್ಚೆ ಇಡೋಣವೆಂದರು. ವಿಷಯ: ಊರಿನ ಮೊದಲ ನೋಟವೇ ನಿಜವಾದ ನೋಟ. ಪರವಾಗಿ ಐಟಿಯ ಒಬ್ಬರು, ವಿರೋಧವಾಗಿ ನಾನು.

ನನಗೆ ತಕ್ಷಣ ಹೊಳೆದದ್ದು ಆ ಡಬ್ಬಿ.

"ಅಕ್ಕಾ, ಆ ಚೀಟಿಗಳಲ್ಲಿ ನಾಲ್ಕು ಓದಿದ್ರೆ ಜನ ಬಿದ್ದು ಬಿದ್ದು ನಗ್ತಾರೆ. ಹೆಸರು ಹೇಳಲ್ಲ."

ಅವರು ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಒಳಗೆ ಹೋಗಿ ಒಂದು ಕಂದು ಲಕೋಟೆ ತಂದರು. "ಇವು ಯಾರೂ ಒಯ್ಯದ ಉಳದಾವ. ಊರು ಬಿಟ್ಟು ಹೋದೋರವು. ಇವನ್ನ ಓದು. ಡಬ್ಬ್ಯಾಗಿನವು ಬ್ಯಾಡ, ಅವಕ್ಕ ಮಾಲಕರು ಅದಾರ."

ಲಕೋಟೆಯಲ್ಲಿ ಒಂಬತ್ತು ಚೀಟಿ. ಎಂಟಕ್ಕೆ ಗೆರೆಯ ಟೇಪು ಇತ್ತು. ಅವೆಲ್ಲ ಸಪ್ಪೆ. ಊರು ಕ್ಲೀನಾಗಿದೆ, ಜನ ಮಾತಾಡಲ್ಲ, ಬನ್ನು ಸಿಹಿ ಜಾಸ್ತಿ. ಒಂಬತ್ತನೆಯದಕ್ಕೆ ಟೇಪು ಇರಲಿಲ್ಲ. ರೈಲಿನ ಹಳೆಯ ವೇಳಾಪಟ್ಟಿಯ ಹಿಂಬದಿ, ಮಡಿಕೆಗಳಲ್ಲಿ ಹರಿಯುವ ಹಾಗಾಗಿತ್ತು, ಹೆಸರಿಲ್ಲ. ಅದರಲ್ಲಿ ಹೀಗಿತ್ತು:

'ಠೇಸನ್ನು ಭಾಳ ಸ್ವಚ್ಛ ಐತಿ. ಮಂದಿ ಮಾತಾಡೂದಿಲ್ಲ. ಬರ್ತೀನಿ ಅಂದವರು ಇನ್ನೂ ಬಂದಿಲ್ಲ. ನಾಕು ತಾಸು ಆತು. ಚಳಿ ತಡೀಲಾರದ ಎದುರಿನ ಅಂಗಡಿಗೆ ಹೋದೆ. ಬಾಗಲಾ ತಾನ ತಗೀತು. ಹಿಂದ ಯಾರೋ ದೊಡ್ಡವರು ಬರಾಕತ್ತಾರ ಅಂತ ಬಾಜೂಕ ಸರದು ನಿಂತೆ. ತಿರುಗಿ ನೋಡಿದ್ರ ಯಾರೂ ಇಲ್ಲ. ಬಾಗಲಾ ಮುಚ್ಚಿತು. ಮತ್ತ ಹೆಜ್ಜಿ ಇಟ್ಟೆ, ಮತ್ತ ತಗೀತು. ನನಗಽ ತಗದದ್ದು. ಈ ಊರಾಗ ನನಗ ಬಾಗಲಾ ತಗದದ್ದು ಇದೊಂದಽ.'

ಇದು ಯಾರದೆಂದು ಗೊತ್ತಿರಲಿಲ್ಲ ಎಂದು ಆಮೇಲೆ ನಾನು ಪ್ರಸಾದ್ ಅವರಿಗೆ ಹೇಳಿದೆ, ನನ್ನ ರೂಮಿನವನಿಗೆ ಹೇಳಿದೆ, ಕೇಳಿದವರಿಗೆಲ್ಲ ಹೇಳಿದೆ. ಸುಳ್ಳು. ಎರಡನೆಯ ಸಾಲಿಗೇ ಗೊತ್ತಾಗಿತ್ತು. ಆ ಧ್ವನಿಯನ್ನು ಈ ಊರಿನಲ್ಲಿ ಈಚಿನ ವರ್ಷಗಳಲ್ಲಿ ಕೇಳಿದ್ದವನು ನಾನೊಬ್ಬನೇ. ಬಹುಶಃ ಹಾಗೆ ಅಂದುಕೊಂಡೇ ಧೈರ್ಯ ಬಂತು: ಬೇರೆ ಯಾರಿಗೂ ಗುರುತು ಸಿಗುವುದಿಲ್ಲ. ಇದು ನನ್ನ ಪರವಾದ ಅತ್ಯುತ್ತಮ ವಾದ. ಎಷ್ಟು ದುರ್ಬಲ ನೋಡಿ. ಸಭೆಗೆ ಗುರುತು ಸಿಗುವುದಿಲ್ಲ ಎಂದು ಲೆಕ್ಕ ಹಾಕಿದವನು, ಬರೆದವರು ಅದೇ ಸಭೆಯಲ್ಲಿ ಕೂತಿರುತ್ತಾರೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅಥವಾ ಹಿಡಿದೂ ಬಿಟ್ಟೆ. ಎಂಟು ಚೀಟಿ ಸಪ್ಪೆಯಾಗಿದ್ದವು, ಒಂಬತ್ತನೆಯದರಲ್ಲಿ ಜೀವ ಇತ್ತು, ನನಗೆ ಗೆಲ್ಲಬೇಕಿತ್ತು. ನಗಿಸಿದವನು ಅರ್ಧ ಗೆದ್ದ ಎಂದು ಕಾಲೇಜಿನಲ್ಲಿ ನಮಗೆ ಕಲಿಸಿದ್ದರು.

ಮಧ್ಯಾಹ್ನ ಮೂರೂವರೆ, ಹೊರಗೆ ಆಗಲೇ ಮಸುಕು. ಸಪ್ಪೆ ಚೀಟಿಗಳನ್ನು ಬೇಗ ಬೇಗ ಮುಗಿಸಿ ಇದನ್ನು ತೆಗೆದೆ. ಓದಲಿಲ್ಲ, ಅಭಿನಯಿಸಿದೆ. ಸೆರಗು ಹೊದ್ದಂತೆ ಶಾಲು ಹೊದ್ದೆ. 'ಠೇಸನ್ನು ಭಾಳ ಸ್ವಚ್ಛ ಐತಿ' ಎಂದು ಸ್ವರ ಎಳೆದಾಗಲೇ ಸಭೆ ಅಲುಗಾಡಿತು. ಬಾಗಿಲ ಮುಂದೆ ಬಂದೆ, ಬೆಚ್ಚಿದೆ, ಪಕ್ಕಕ್ಕೆ ಸರಿದು ಕೈಮುಗಿದು ನಿಂತೆ. ಕೈಮುಗಿದದ್ದು ಚೀಟಿಯಲ್ಲಿ ಇರಲಿಲ್ಲ, ನಾನು ಸೇರಿಸಿದ್ದು. ಹಿಂದೆ ತಿರುಗಿ ನೋಡಿದೆ. ಜನ ಕುರ್ಚಿಯಿಂದ ಬೀಳುವುದೊಂದು ಬಾಕಿ. ಕೊನೆಯ ಸಾಲನ್ನೂ ಓದಿ, ಶಾಲು ತೆಗೆದು, ನನ್ನ ಸ್ವಂತ ಧ್ವನಿಯಲ್ಲಿ ಹೇಳಿದೆ:

"ನಿರ್ಣಾಯಕರೇ, ಒಂದು ಅಂಗಡಿಯ ಸೆನ್ಸರನ್ನು ಊರಿನ ಅಂತಃಕರಣ ಎಂದು ನಂಬಿದ ಈ ಮಹಾತಾಯಿಯ ನೋಟ ನಿಜವೇ? ಆ ಬಾಗಿಲು ನಾಯಿ ಬಂದರೂ ತೆರೆಯುತ್ತದೆ!"

ಚಪ್ಪಾಳೆ ನಿಲ್ಲಲೇ ಇಲ್ಲ. ಅಕ್ಕ ಹಿಂದುಗಡೆ, ಅಡುಗೆಕೋಣೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದರು. ಅವರೂ ನಗುತ್ತಿದ್ದರು. ಅವರ ಪಕ್ಕದಲ್ಲಿ ಪ್ರಸಾದ್ ಅವರ ಏಳು ವರ್ಷದ ಮಗಳು ವಿಭಾ. ಆ ಹುಡುಗಿ ಅಕ್ಕನ ಮುಖವನ್ನೇ ನೋಡುತ್ತಿದ್ದವಳು ಅವರ ಕೈ ಜಗ್ಗಿ ಸ್ವೀಡಿಷ್‌ನಲ್ಲಿ ಏನೋ ಕೇಳಿದಳು. ಆಗ ನನಗೆ ಭಾಷೆ ಅಷ್ಟಾಗಿ ಬರುತ್ತಿರಲಿಲ್ಲ, ಆದರೆ 'ಅದು ನೀನಾ?' ಎಂಬಷ್ಟು ಬರುತ್ತಿತ್ತು. ಮಗು ಕೇಳಿದ್ದು ಜೋರಾಗಿ. ಮುಂದಿನ ಸಾಲುಗಳೂ ತಿರುಗಿ ನೋಡಿದವು. ಅಕ್ಕ ಸುಳ್ಳು ಹೇಳಬಹುದಿತ್ತು. ಅವರು ಬಗ್ಗಿ, ಉಸಿರನ್ನು ಒಳಕ್ಕೆ ಎಳೆದುಕೊಂಡು, "ಯಾ" ಎಂದರು.

ಗೆದ್ದದ್ದು ನಾನೇ. "ಶಾಲು ಹೊದಿಸೋಕೆ ಅಕ್ಕನೇ ಬರ್ಲಿ!" ಎಂದು ಮೈಕಿನಲ್ಲಿ ಕೂಗಿದ ಪ್ರಸಾದ್‌ಗೆ ಹಿಂದೆ ನಡೆದದ್ದು ಕಂಡಿರಲಿಲ್ಲ. ಅಕ್ಕ ಕೈ ಒರೆಸಿಕೊಂಡು ಬಂದರು. ಶಾಲು ಹೊದಿಸಿದರು. ತುದಿಗಳನ್ನು ಎರಡೂ ಕಡೆ ಸಮ ಮಾಡಿದರು. ಕೆಲಸದಲ್ಲೂ ಹಾಗೆಯೇ, ಪೊಟ್ಟಣದ ಅಂಚು ಸಮ ಬರಬೇಕು ಅವರಿಗೆ.

"ಚೆನ್ನಾಗಿ ಮಾತಾಡಿದ್ರಿ."

*

ಆಮೇಲೆ ನಡೆದದ್ದರಲ್ಲಿ ಯಾರೂ ಕೆಟ್ಟವರಲ್ಲ. ಊರಿನವರಿಗೆ ಅಕ್ಕನ ಮೇಲೆ ಪ್ರೀತಿ ಹೆಚ್ಚಾಯಿತು, ಅಷ್ಟೇ. ಅಂಗಡಿಯಲ್ಲಿ, ಬಸ್‌ಸ್ಟಾಪಿನಲ್ಲಿ ಹೆಂಗಸರು ಅವರ ಕೈ ಹಿಡಿದು ಕೇಳತೊಡಗಿದರು: ಅವತ್ತು ಯಾರು ಬರಬೇಕಿತ್ತಕ್ಕಾ? ಯಜಮಾನರಾ? ಆ ಕಡೆ ಎಸ್ಕಿಲ್‌ಸ್ಟುನಾ ಊರಲ್ಲಿ ಇದ್ದರಂತಲ್ಲ? ಆಮೇಲಾದರೂ ಬಂದರಾ? ಇಪ್ಪತ್ತು ವರ್ಷ ಎಲ್ಲರನ್ನೂ ಎದುರುಗೊಂಡವರು ಒಂದು ವಾರದಲ್ಲಿ, ಯಾರೂ ಎದುರುಗೊಳ್ಳದೆ ಬಿಟ್ಟವರಾದರು. ಅವರನ್ನು ಕಂಡರೆ ಜನರ ಮುಖ ಮೆತ್ತಗಾಗುತ್ತಿತ್ತು. ಆ ಮೆತ್ತಗಾಗುವುದನ್ನು ನಾನು ದೂರದಿಂದ ನೋಡಿದ್ದೇನೆ. ಯಾರಿಗೂ ಬೇಡ ಅದು.

ಮುಂದಿನ ಭಾನುವಾರ ಚೀಟಿ ತೆಗೆದುಕೊಂಡು ಅವರ ಮನೆಗೆ ಹೋದೆ. ಕ್ಷಮೆ ಕೇಳಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಸಿದ್ಧಪಡಿಸಿದ್ದೆ. ಪೀಠಿಕೆ, ಮೂರು ಅಂಶ, ಉಪಸಂಹಾರ. ಅವರು ಬಾಗಿಲು ತೆರೆದರು.

"ಓ, ಬನ್ನಿ ಬನ್ನಿ. ಕೂತ್ಕೊಳ್ಳಿ. ಕಾಫಿ ತಗೋತೀರಾ, ಟೀನಾ?"

ಬೆಂಗಳೂರಿನ ಕನ್ನಡ. ತಪ್ಪಿಲ್ಲದ, ಬಿರುಕಿಲ್ಲದ, ಸಂಘದ ಸಭೆಯ ಕನ್ನಡ. ತಮ್ಮಾ ಎಂದವರು ನನಗೆ ಬಹುವಚನ ಕೊಟ್ಟರು. ನನ್ನ ಸಿದ್ಧ ಭಾಷಣ ಪೀಠಿಕೆಯಲ್ಲೇ ನಿಂತಿತು.

"ಅಕ್ಕಾ, ಅವತ್ತು..."

"ಬಿಡಿ, ಎಲ್ಲರೂ ನಕ್ಕರಲ್ಲ. ಹಬ್ಬ ಅಂದ್ರೆ ನಗಬೇಕು."

"ಈ ಚೀಟಿ."

"ಅದು ಯಾರದೋ. ಲಕೋಟೆಯಲ್ಲೇ ಹಾಕಿಬಿಡಿ." ತಟ್ಟೆಯಲ್ಲಿ ಬಿಸ್ಕತ್ತು ಜೋಡಿಸಿ ಮುಂದಿಟ್ಟರು. ಅಡುಗೆಮನೆಯಲ್ಲಿ ರೊಟ್ಟಿಯ ವಾಸನೆ ಇತ್ತು. "ಊಟಕ್ಕೆ ಇರ್ತೀರಾ? ಅನ್ನ ಸಾರು ಮಾಡಿಕೊಡ್ತೀನಿ."

ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಬೈಗುಳಕ್ಕೆ ಉತ್ತರ ಕೊಡಲು ನನಗೆ ತರಬೇತಿ ಇದೆ. ಕಾಫಿ ಕುಡಿದು, ಲಕೋಟೆ ಮೇಜಿನ ಮೇಲಿಟ್ಟು ಬಂದೆ. ಅದಾದ ಮೇಲೆ ಅವರು ನನ್ನೊಂದಿಗೆ ಗದಗಿನ ಒಂದು ಪದವನ್ನೂ ಆಡಲಿಲ್ಲ.

ಜನವರಿಯಲ್ಲಿ ಹಾಸನದ ಹುಡುಗಿಯೊಬ್ಬಳು ಪಿಎಚ್.ಡಿ.ಗೆ ಬರುವವಳಿದ್ದಳು. ಹಿಂದಿನ ದಿನ ಸಂಘದ ಗುಂಪಿಗೆ ಅಕ್ಕನ ಸಂದೇಶ ಬಂತು: 'ನಾಳೆ ನನಗೆ ಶಿಫ್ಟ್ ಇದೆ. ಯಾರಾದರೂ ಹೋಗಿ.' ಇಪ್ಪತ್ತು ವರ್ಷದಲ್ಲಿ ಇದು ಮೊದಲು ಎಂದರು ಹಳಬರು. ನಾನು ಹೋದೆ. ಅವಳ ಹೆಸರನ್ನು ಕನ್ನಡದಲ್ಲಿ ಬರೆದುಕೊಂಡು ಹೋಗಿದ್ದೆ. ಬೋಗಿಯ ಲೆಕ್ಕ ತಪ್ಪಿತು. ಮೂರು ಬೋಗಿ ಆಚೆ ಅವಳು ಇಳಿದು ಹಿಮದಲ್ಲಿ ಸುತ್ತ ನೋಡುತ್ತ ನಿಂತಿದ್ದಳು. ಓಡಿ ಹೋಗಿ ಹೆಸರು ತೋರಿಸಿದೆ. ಅವಳು ಅದನ್ನು ನೋಡಲಿಲ್ಲ, ನನ್ನ ಹಿಂದೆ ನೋಡಿದಳು.

"ಅಕ್ಕ ಎಲ್ಲಿ? ಅವರೇ ಬರ್ತೀನಿ ಅಂದಿದ್ರು, ಫೋನಲ್ಲಿ."

ಬರ್ತೀನಿ ಅಂದವರು ಬಂದಿಲ್ಲ. ತಮಗೆ ಒಬ್ಬರು ಮಾಡಿದ್ದನ್ನು ಇನ್ನೊಬ್ಬರಿಗೆ ಆಗಗೊಡಬಾರದೆಂದು ಅವರು ಅಷ್ಟು ವರ್ಷ ಆ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದರು. ಅದನ್ನು ನಾನು ಅವರ ಕೈಯಿಂದಲೇ ಮಾಡಿಸಿದೆ. ಅಕ್ಕನಿಗೆ ಕೆಲಸ ಇತ್ತು ಎಂದು ಹುಡುಗಿಗೆ ಹೇಳಿದೆ. ಬಸ್ಸಿನಲ್ಲೇ ಕರೆದುಕೊಂಡು ಹೋದೆ.

ಮಾರ್ಚಿನಲ್ಲಿ ಅಕ್ಕ ಮನೆ ಖಾಲಿ ಮಾಡಿದರು. ಬೀಳ್ಕೊಡುಗೆ ಬೇಡವೆಂದರು. ಡಬ್ಬಿಯ ಚೀಟಿಗಳನ್ನೆಲ್ಲ ಯಾರು ಯಾರದೋ ಅವರವರ ದಿನಕ್ಕೆ ಅಂಚೆಯಲ್ಲಿ ಕಳಿಸುತ್ತೇನೆ ಎಂದು ಪ್ರಸಾದ್‌ಗೆ ಹೇಳಿ ಹೋದರಂತೆ.

ಕಳಿಸಿದರು. ನಾನು ಬಂದಿಳಿದು ಸರಿಯಾಗಿ ಒಂದು ವರ್ಷಕ್ಕೆ, ಈ ಆಗಸ್ಟಿನಲ್ಲಿ, ಹೆಲ್ಸಿಂಗ್‌ಬೋರ್ಯ್‌ನ ಮುದ್ರೆಯ ಲಕೋಟೆ ಬಂತು. ವಿಳಾಸ ಸ್ವೀಡಿಷ್‌ನಲ್ಲಿ, ಅದರ ಮೇಲೆ ಮೂಲೆಯಲ್ಲಿ ಹೆಸರು ಮಾತ್ರ ಇನ್ನೊಮ್ಮೆ, ಕನ್ನಡದಲ್ಲಿ. ಒಳಗೆ ನನ್ನ ಚೀಟಿ. ಬೇರೆ ಒಂದಕ್ಷರ ಇಲ್ಲ. ಟೇಪನ್ನು ಕಿಟಕಿಯ ಬೆಳಕಿಗೆ ಹಿಡಿದು ಪರೀಕ್ಷಿಸಿದೆ, ನಾಚಿಕೆ ಇಲ್ಲದೆ. ಗೆರೆಗಳು ಇನ್ನೂ ಬಿಳಿಚಾಗಿಯೇ ಇದ್ದವು. ಅಂಚು ಎಲ್ಲೂ ಎದ್ದಿರಲಿಲ್ಲ. ನವೆಂಬರ್ ಕಳೆದ ಮೇಲೂ, ನಾನು ಏನು ಬರೆದಿರಬಹುದೆಂದು ನೋಡಲು ಎಲ್ಲ ಹಕ್ಕು ಇದ್ದಾಗಲೂ, ಅವರು ಬಿಚ್ಚಿರಲಿಲ್ಲ.

ನಾನೇ ಬಿಚ್ಚಿದೆ. ಆರು ಸಾಲು ಊರಿನ ಬಗ್ಗೆ. ಕೂಸುಗಳನ್ನು ಬೀದಿಗೆ ಬಿಟ್ಟ ತಾಯಂದಿರು, ಉಸಿರೆಳೆದು ಹೂಂ ಅನ್ನುವ ಜನ, ಒಬ್ಬನೇ ಗಿರಾಕಿಗೆ ಸರದಿ. ಏಳನೆಯ ಸಾಲು: 'ಎದುರುಗೊಳ್ಳಲು ಬಂದಾಕೆಗೆ ಹೊಸಬರನ್ನು ತನ್ನ ಸುತ್ತ ಕಟ್ಟಿಕೊಳ್ಳುವ ಚಟ. ತಾನಿಲ್ಲದೆ ನಡೆಯದು ಅನ್ನಿಸಿಕೊಳ್ಳುವ ಆಸೆ. ನಾಟಕ.'

ಮೊದಲ ನೋಟ ಸುಳ್ಳು ಎಂದು ನಾನು ಅಂದು ವಾದಿಸಿದ್ದೆ. ಪುರಾವೆ ನನ್ನದೇ ಕೈಬರಹದಲ್ಲಿ ಡಬ್ಬಿಯೊಳಗಿತ್ತು. ಅದನ್ನು ಬಿಟ್ಟು ಅವರ ಚೀಟಿಯನ್ನು ಓದಿದೆ, ಅಲ್ಲಿದ್ದ ಒಂದೇ ಒಂದು ನಿಜವಾದ ನೋಟವನ್ನು.

ಪ್ರಸಾದ್ ಅವರೇ, ಈ ಸಂಚಿಕೆಯ ಒಂದು ಪ್ರತಿ ಹೆಲ್ಸಿಂಗ್‌ಬೋರ್ಯ್‌ಗೆ ಹೋಗುತ್ತದೆಂದು ನೀವು ಹೇಳಿದ್ದೀರಿ. ಹಾಗಾದರೆ ಇನ್ನುಳಿದ ಮಾತು ನಿಮಗಲ್ಲ.

ಅಕ್ಕಾ, ಒಂದು ಪೆಟ್ಟಿಗೆಯಲ್ಲಿ ಎಷ್ಟು ಇಕ್ಕಳ ಇ‌ವೆ ಎಂದು ಮೂರು ಸಲ ಎಣಿಸುವವರು ನೀವು. ಆ ಕಂದು ಲಕೋಟೆಯನ್ನು ಎಣಿಸದೆ ಕೊಟ್ಟಿರಿ ಎಂದು ನಂಬುವುದು ನನಗೆ ಕಷ್ಟ. ಮರೆತು ಕೊಟ್ಟಿದ್ದರೆ ನಾನು ಕದ್ದು ಓದಿದೆ. ಅದಕ್ಕೆ ಕ್ಷಮೆ ಕೇಳುವ ದಾರಿ ಹೇಗೋ ಹುಡುಕಬಲ್ಲೆ. ನನ್ನನ್ನು ನಂಬಿ, ನಾನು ಓದಲಿ ಎಂದೇ ಕೊಟ್ಟಿದ್ದರೆ, ಅದಕ್ಕೆ ದಾರಿ ನನಗೆ ಗೊತ್ತಿಲ್ಲ. ಆದರೆ ಆ ದಿನ ನೀವು ಅಷ್ಟು ಹೊತ್ತು ಸುಮ್ಮನಿದ್ದಿರಿ. ಆಮೇಲೆ ಒಳಗೆ ಹೋದಿರಿ. ಟೇಪು ಹಚ್ಚದ ಆ ಹಾಳೆ, ಇಪ್ಪತ್ತು ವರ್ಷ ಯಾರೂ ಒಯ್ಯದ ಆ ಹಾಳೆ, ಅದರಲ್ಲಿ ಇದೆ ಎಂದು ನಿಮಗೆ ಗೊತ್ತಿತ್ತಾ?